ಗುಲಾಬಿಗೆ ‘ಸಾಫ್’: ಪುಣೆಯ ಮಳೆಗಾಲಕ್ಕೆ ಸರಿ, ವರ್ಷವಿಡೀ ಅಲ್ಲ

ಪುಣೆಯಲ್ಲಿ ತಾರಸಿಯ ಮೇಲೋ ಬಾಲ್ಕನಿಯಲ್ಲೋ ಗುಲಾಬಿ ಬೆಳೆಸುವವರ ಮನೆಯಲ್ಲಿ ಗೊಬ್ಬರದ ಚೀಲದ ಪಕ್ಕದಲ್ಲಿ ಒಂದು ಪೊಟ್ಟಣ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದು ಯುಪಿಎಲ್ ಕಂಪನಿಯ ‘ಸಾಫ್’ ಎಂಬ ಶಿಲೀಂಧ್ರನಾಶಕ ಪುಡಿ. ಎಲೆ ಹಳದಿಯಾದರೆ ಸಾಫ್, ಕಡ್ಡಿ ಕಪ್ಪಾದರೆ ಸಾಫ್, ಮೊಗ್ಗು ಮುರುಟಿಕೊಂಡರೆ ಸಾಫ್, ನರ್ಸರಿಯಿಂದ ಗಿಡ ತಂದ ದಿನವೇ ಬುಡಕ್ಕೆ ಸಾಫ್ ಕಲಸಿದ ನೀರು ಎನ್ನುವಷ್ಟರ ಮಟ್ಟಿಗೆ ಇದರ ಬಳಕೆ ರೂಢಿಯಾಗಿದೆ. ನರ್ಸರಿಯವರು, ಕಟ್ಟಡಕ್ಕೆ ಬರುವ ಮಾಳಿ, ಗಿಡದ ಹುಚ್ಚು ಹಿಡಿಸಿಕೊಂಡ ನೆರೆಹೊರೆಯವರು ಎಲ್ಲರೂ ಕೊಡುವ ಸಲಹೆ ಒಂದೇ. ಸಿಂಹಗಡ ರಸ್ತೆಯ ಕಡೆಯ ನಮ್ಮ ತಾರಸಿಯ ಗುಲಾಬಿಗಳ ಮೇಲೆ ಹಲವು ಮಳೆಗಾಲಗಳಿಂದ ಇದನ್ನು ಬಳಸುತ್ತ, ಇದರ ಜೊತೆಗೆ ಬೇರೆ ಔಷಧಿಗಳನ್ನೂ ಇಟ್ಟುಕೊಂಡು ನೋಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಡುವ ಒಂದು ರೋಗಕ್ಕೆ ಇದು ಬಹಳ ಒಳ್ಳೆಯ ಕಾವಲು. ವರ್ಷದ ಉಳಿದ ತಿಂಗಳುಗಳಲ್ಲಿ ಇದು ಕಪಾಟಿನಲ್ಲೇ ಇರುವುದು ಲೇಸು. ಬೇಸಿಗೆಯಲ್ಲಂತೂ ಹೊರಗೆ ತೆಗೆದರೆ ಲಾಭಕ್ಕಿಂತ ಹಾನಿಯೇ ಹೆಚ್ಚು.

ಮೊದಲು ಪೊಟ್ಟಣದೊಳಗೆ ಏನಿದೆ ಎಂಬುದನ್ನು ನೋಡಬೇಕು. ಇದರಲ್ಲಿ ಎರಡು ಔಷಧಿಗಳ ಬೆರಕೆಯಿದೆ: ಶೇ. 12 ಕಾರ್ಬೆಂಡಜಿಮ್, ಶೇ. 63 ಮ್ಯಾಂಕೋಜೆಬ್, ಉಳಿದದ್ದು ನೀರಿನಲ್ಲಿ ಕರಗದೆ ತೇಲಿ ಹರಡಿಕೊಳ್ಳಲು ನೆರವಾಗುವ ಪೂರಕ ಪುಡಿ. ಮ್ಯಾಂಕೋಜೆಬ್ ಎಲೆಯ ಮೇಲ್ಮೈಯಲ್ಲಿ ಪದರದಂತೆ ಕುಳಿತು, ಅಲ್ಲಿಗೆ ಬಂದು ಬೀಳುವ ಶಿಲೀಂಧ್ರದ ಬೀಜಾಣು ಮೊಳೆಯದಂತೆ ತಡೆಯುತ್ತದೆ. ಅದು ಎಲೆಯ ಒಳಗೆ ಹೋಗುವುದಿಲ್ಲ. ಕಾರ್ಬೆಂಡಜಿಮ್ ಎಲೆಯ ಒಳಕ್ಕೆ ಇಳಿದು, ಆಗಷ್ಟೇ ಒಳಹೊಕ್ಕ ಶಿಲೀಂಧ್ರದ ಜೀವಕೋಶಗಳು ಒಡೆದು ಬೆಳೆಯದಂತೆ ಮಾಡುತ್ತದೆ. ಒಂದು ಹೊರಗಿನ ಕಾವಲಾದರೆ ಇನ್ನೊಂದು ಒಳಗಿನ ಕಾವಲು. ಕಾರ್ಬೆಂಡಜಿಮ್ ಶಿಲೀಂಧ್ರದ ಒಂದೇ ಒಂದು ಪ್ರೋಟೀನಿನ ಮೇಲೆ ಕೆಲಸ ಮಾಡುವುದರಿಂದ, ಅದನ್ನು ಒಂಟಿಯಾಗಿ ಪದೇ ಪದೇ ಹೊಡೆದರೆ ಶಿಲೀಂಧ್ರವು ಅದಕ್ಕೆ ಬೇಗನೆ ಒಗ್ಗಿಕೊಳ್ಳುತ್ತದೆ. ಮ್ಯಾಂಕೋಜೆಬ್ ಏಕಕಾಲಕ್ಕೆ ಹಲವು ಕಡೆ ಪೆಟ್ಟು ಕೊಡುವುದರಿಂದ ಅದಕ್ಕೆ ಆ ತೊಂದರೆ ಹೆಚ್ಚಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟಿರುವುದರ ಹಿಂದಿನ ಜಾಣತನ ಇದು, ಮತ್ತು ಬೆರಕೆಯಾಗಿ ಇದು ಒಳ್ಳೆಯ ಬೆರಕೆಯೇ. ಆದರೆ ಈ ಎರಡು ವಸ್ತುಗಳು ಯಾವ ಯಾವ ರೋಗಕ್ಕೆ ನಾಟುತ್ತವೆ, ಯಾವುದಕ್ಕೆ ನಾಟುವುದಿಲ್ಲ ಎಂಬುದನ್ನು ಯಾರೂ ಕೇಳುವುದಿಲ್ಲ.

ಇದು ನಿಜವಾಗಿ ನಾಟುವುದು ಕಪ್ಪು ಚುಕ್ಕೆ ರೋಗಕ್ಕೆ. ಡಿಪ್ಲೊಕಾರ್ಪಾನ್ ರೋಸೆ ಎಂಬ ಶಿಲೀಂಧ್ರದಿಂದ ಬರುವ ಈ ರೋಗ ಗುಲಾಬಿಯನ್ನು ಬಿಟ್ಟು ಬೇರೆ ಗಿಡಗಳನ್ನು ಕಾಡುವುದಿಲ್ಲ. ಎಲೆಯ ಮೇಲ್ಭಾಗದಲ್ಲಿ ಅಂಚು ಎಳೆಎಳೆಯಾಗಿ ಹರಡಿದ ಕಪ್ಪು ಮಚ್ಚೆಗಳು ಮೂಡುತ್ತವೆ, ಅವುಗಳ ಸುತ್ತ ಎಲೆ ಹಳದಿಗೆ ತಿರುಗುತ್ತದೆ, ಕೈ ತಾಗಿದರೆ ಸಾಕು ಉದುರುತ್ತದೆ. ರೋಗ ಬುಡದ ಎಲೆಗಳಿಂದ ಶುರುವಾಗಿ ಮೇಲಕ್ಕೆ ಹತ್ತುತ್ತದೆ. ಆಗಸ್ಟ್ ಮುಗಿಯುವ ಹೊತ್ತಿಗೆ ತುದಿಯಲ್ಲಿ ನಾಲ್ಕು ಎಲೆಗಳನ್ನು ಮಾತ್ರ ಇಟ್ಟುಕೊಂಡು ಬೋಳು ಕಡ್ಡಿಗಳಾಗಿ ನಿಂತ ಗುಲಾಬಿ ಗಿಡಗಳನ್ನು ಈ ಊರಿನ ಯಾವ ಬಾಲ್ಕನಿಯಲ್ಲಾದರೂ ನೋಡಬಹುದು. ಈ ಶಿಲೀಂಧ್ರದ ಬೀಜಾಣು ಮೊಳೆತು ಎಲೆಯೊಳಗೆ ನುಗ್ಗಬೇಕಾದರೆ ಎಲೆ ಸುಮಾರು ಏಳು ಗಂಟೆಯಾದರೂ ಎಡೆಬಿಡದೆ ಒದ್ದೆಯಾಗಿರಬೇಕು, ಹವೆ ಇಪ್ಪತ್ತರಿಂದ ಇಪ್ಪತ್ತೈದು ಡಿಗ್ರಿಯ ಆಸುಪಾಸಿನಲ್ಲಿರಬೇಕು. ಪುಣೆಯ ಜುಲೈ ತಿಂಗಳು ಎಂದರೆ ಇದೇ: ರಾತ್ರಿ 22 ಡಿಗ್ರಿ, ಹಗಲು 28 ಡಿಗ್ರಿ, ದಿನವಿಡೀ ಸುರಿಯದಿದ್ದರೂ ನಿಲ್ಲದ ಜಿಟಿಜಿಟಿ ಮಳೆ, ಮೋಡದ ಮರೆಯಲ್ಲಿ ಎಲೆಯನ್ನು ಒಣಗಿಸಲಾರದ ಸೂರ್ಯ. ಮುಂಬಯಿಯಷ್ಟು ಮಳೆ ಇಲ್ಲಿ ಬೀಳುವುದಿಲ್ಲ. ಆದರೆ ಈ ಶಿಲೀಂಧ್ರಕ್ಕೆ ಎಷ್ಟು ಮಳೆ ಬಿತ್ತು ಎಂಬುದಕ್ಕಿಂತ ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂಬುದೇ ಮುಖ್ಯ.

ಇಂಥ ಹವೆಯಲ್ಲಿ ಸಾಫ್ ತನ್ನ ಹೆಸರನ್ನು ಉಳಿಸಿಕೊಳ್ಳುತ್ತದೆ. ಆದರೆ ಒಂದು ಷರತ್ತಿದೆ. ರೋಗ ಕಾಣಿಸಿಕೊಂಡ ಮೇಲೆ ಹೊಡೆದರೆ ಆಗುವ ಉಪಯೋಗ ಅಲ್ಪ, ಏಕೆಂದರೆ ಸೋಂಕು ತಗಲಿದ ಮೇಲೆ ಮಚ್ಚೆ ಕಣ್ಣಿಗೆ ಬೀಳಲು ಹತ್ತಿರ ಹತ್ತಿರ ಒಂದು ವಾರ ಹಿಡಿಯುತ್ತದೆ. ನಾವು ಮೊದಲ ಮಚ್ಚೆ ನೋಡುವಾಗ ಮೇಲಿನ ಹಸಿರು ಎಲೆಗಳಲ್ಲೂ ರೋಗ ಸೇರಿಕೊಂಡಿರುತ್ತದೆ. ಮಚ್ಚೆ ಬಿದ್ದ ಎಲೆಯನ್ನು ಯಾವ ಔಷಧಿಯೂ ಮತ್ತೆ ಹಸಿರು ಮಾಡುವುದಿಲ್ಲ. ‘ಎರಡು ಸಲ ಹೊಡೆದೆ, ಚುಕ್ಕೆ ಹೋಗಲೇ ಇಲ್ಲ’ ಎಂದು ಬೇಸರಪಡುವವರು ಬಹಳ ಜನರಿದ್ದಾರೆ. ಚುಕ್ಕೆ ಹೋಗುವುದೇ ಇಲ್ಲ, ಹೊಸ ಎಲೆಗೆ ಬರದಿದ್ದರೆ ಔಷಧಿ ಗೆದ್ದಿತೆಂದು ತಿಳಿಯಬೇಕು. ಆದ್ದರಿಂದ ಇದನ್ನು ಹೊಡೆಯಬೇಕಾದ ಹೊತ್ತು ಜೂನ್ ಮೊದಲ ವಾರ, ವಳಿವದ ಮಳೆ (ಮುಂಗಾರಿಗೆ ಮುಂಚಿನ ಮಳೆ) ಒಂದೆರಡು ಬಿದ್ದು ಮುಂಗಾರು ಇನ್ನೂ ಕೂರದಿರುವಾಗ. ಗಿಡದ ಬುಡದಲ್ಲಿ ಹಳೆಯ ಎಲೆ ಉದುರಿದ್ದರೆ ಅದನ್ನೆಲ್ಲ ಆರಿಸಿ ಕಸಕ್ಕೆ ಹಾಕಿ (ಕಾಂಪೋಸ್ಟ್ ಡಬ್ಬಿಗೆ ಬೇಡ), ಬುಡದ ಒಂದೆರಡು ಸಾಲಿನ ಎಲೆಗಳನ್ನು ಕಿತ್ತು, ಉಳಿದ ಎಲೆಗಳ ಮೇಲೆ ನೀರಿನ ಪಸೆ ಇಲ್ಲದಿರುವಾಗ ಬೆಳಗಿನ ಹೊತ್ತು ಸಿಂಪಡಿಸಬೇಕು. ಹಿಂದಿನ ವರ್ಷದ ಶಿಲೀಂಧ್ರ ಉಳಿದಿರುವುದು ಆ ಉದುರಿದ ಎಲೆಗಳಲ್ಲಿ ಮತ್ತು ಕಡ್ಡಿಯ ಮೇಲಿನ ನೇರಳೆ ಬಣ್ಣದ ಸಣ್ಣ ಗಾಯಗಳಲ್ಲಿ. ಮಳೆಯ ಹನಿ ಮಣ್ಣಿಗೆ ಬಿದ್ದು ಸಿಡಿದಾಗ ಬೀಜಾಣು ಬುಡದ ಎಲೆಗೆ ಏರುತ್ತದೆ. ಕುಂಡದ ಮಣ್ಣಿನ ಮೇಲೆ ತೆಂಗಿನ ನಾರು ಅಥವಾ ಕಬ್ಬಿನ ಒಣ ರವದಿ ಹಾಸಿದರೆ ಆ ಸಿಡಿತವೇ ಕಡಿಮೆಯಾಗುತ್ತದೆ. ಈ ಕೆಲಸಗಳನ್ನು ಮಾಡದೆ ಪುಡಿಯೊಂದನ್ನೇ ನಂಬುವವರಿಗೆ ನಾನು ಈ ಉತ್ಪನ್ನವನ್ನು ಶಿಫಾರಸು ಮಾಡುವುದಿಲ್ಲ.

ಪ್ರಮಾಣ ಒಂದು ಲೀಟರ್ ನೀರಿಗೆ ಎರಡು ಗ್ರಾಂ. ಪೊಟ್ಟಣದ ಚೀಟಿ ಹೊಲದ ಬೆಳೆಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅಲ್ಲಿರುವುದು ನೆಲಗಡಲೆ, ಭತ್ತ, ಆಲೂಗಡ್ಡೆ, ದ್ರಾಕ್ಷಿ, ಮಾವಿನ ಲೆಕ್ಕ, ಅದೂ ಎಕರೆ ಹೆಕ್ಟೇರುಗಳಲ್ಲಿ. ಹತ್ತು ಹದಿನೈದು ಕುಂಡಗಳಿರುವ ಮನೆಯವರಿಗೆ ಅದರಿಂದ ಏನೂ ಹೊಳೆಯುವುದಿಲ್ಲ, ಹೀಗಾಗಿ ಚಮಚದ ಲೆಕ್ಕ ಶುರುವಾಗುತ್ತದೆ. ಚಮಚ ಎಂದರೆ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಅಳತೆ. ಅಕ್ಕಸಾಲಿಗರು ಬಳಸುವಂಥ ಸಣ್ಣ ವಿದ್ಯುತ್ ತಕ್ಕಡಿ ಈಗ ಅಗ್ಗವಾಗಿಯೇ ಸಿಗುತ್ತದೆ, ಅದನ್ನು ಔಷಧಿಗೆಂದೇ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು. ಪುಡಿಯನ್ನು ನೇರವಾಗಿ ಪಂಪಿಗೆ ಸುರಿಯದೆ, ಮೊದಲು ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಉಳಿದ ನೀರಿಗೆ ಬೆರೆಸಬೇಕು. ಸೋಸದಿದ್ದರೆ ಎರಡು ಲೀಟರಿನ ಕೈಪಂಪಿನ ನಳಿಕೆ ಕಟ್ಟಿಕೊಂಡು ಅರ್ಧ ಕೆಲಸದಲ್ಲಿ ನಿಲ್ಲುತ್ತದೆ. ಇದು ಕರಗುವ ಪುಡಿಯಲ್ಲ, ತಳದಲ್ಲಿ ಕೂರುತ್ತದೆ. ಹೊಡೆಯುತ್ತ ಹೊಡೆಯುತ್ತ ಪಂಪನ್ನು ಅಲ್ಲಾಡಿಸುತ್ತಿರಬೇಕು. ಎಲೆಯ ಅಡಿಭಾಗಕ್ಕೂ ಸಿಂಪಡಿಸಬೇಕು ಎಂದು ಎಲ್ಲರಿಗೂ ಗೊತ್ತು, ಮಾಡುವವರು ಕಡಿಮೆ. ಕಲಸಿದ ನೀರು ಮಿಕ್ಕರೆ ಮರುದಿನಕ್ಕೆ ಇಡಬಾರದು. ಮ್ಯಾಂಕೋಜೆಬ್ ನೀರಿನಲ್ಲಿ ನಿಂತಷ್ಟೂ ಒಡೆದು ಇಥಿಲೀನ್ ಥಯೋಯೂರಿಯಾ ಎಂಬ ವಸ್ತುವಾಗುತ್ತದೆ. ಶಿಲೀಂಧ್ರದ ಮೇಲಿನ ಬಲ ತಗ್ಗುತ್ತದೆ, ಮನುಷ್ಯರ ಥೈರಾಯ್ಡ್ ಗ್ರಂಥಿಗೆ ಕೆಡುಕು ಮಾಡುವ ಗುಣ ಹೆಚ್ಚುತ್ತದೆ. ಸುಣ್ಣ ಬೆರೆತ ಯಾವ ದ್ರಾವಣದ ಜೊತೆಗೂ ಇದನ್ನು ಕೂಡಿಸಬಾರದು.

ಮಳೆಗಾಲದಲ್ಲಿ ಹತ್ತರಿಂದ ಹದಿನೈದು ದಿನಕ್ಕೊಮ್ಮೆ ಹೊಡೆದರೆ ಗಿಡ ಎಲೆ ತುಂಬಿಕೊಂಡೇ ಸೆಪ್ಟೆಂಬರ್ ತಲುಪುತ್ತದೆ. ನಮ್ಮ ತಾರಸಿಯಲ್ಲಿ ಕಪ್ಪು ಚುಕ್ಕೆಗೆ ಬಹಳ ಬೇಗ ತುತ್ತಾಗುವ ಹಳದಿ ಮತ್ತು ಕಿತ್ತಳೆ ಬಣ್ಣದ ಹೈಬ್ರಿಡ್ ಟೀ (ಕಡ್ಡಿಗೊಂದು ದೊಡ್ಡ ಹೂವು ಬಿಡುವ ಗುಲಾಬಿ ಬಗೆ) ಗಿಡಗಳಲ್ಲೂ ಈ ಫಲ ಕಂಡಿದೆ. ಜೋರಾದ ಮಳೆ ಬಂದು ಎಲೆಯ ಮೇಲಿನ ಹಳದಿ ಲೇಪ ತೊಳೆದುಹೋದರೆ ಎಲೆ ಒಣಗಿದ ಕೂಡಲೇ ಮತ್ತೆ ಹೊಡೆಯಬೇಕಾಗುತ್ತದೆ, ಅದೇ ಇದರ ದೊಡ್ಡ ಕಿರಿಕಿರಿ. ಅಂಟು ದ್ರವ ಒಂದಿಷ್ಟು ಬೆರೆಸಿದರೆ ಲೇಪ ಸ್ವಲ್ಪ ಹೆಚ್ಚು ತಾಳುತ್ತದೆ. ಹೂವಿನ ಮೇಲೆ ಬಿದ್ದರೆ ದಳದಲ್ಲಿ ಕೊಳೆಯಂಥ ಕಲೆ ಉಳಿಯುತ್ತದೆ. ಬಿಳಿಯ ‘ಐಸ್‌ಬರ್ಗ್’ ಗಿಡವಿರುವವರು ಅರಳಿದ ಹೂಗಳನ್ನು ಕೊಯ್ದುಕೊಂಡು ಆಮೇಲೆ ಸಿಂಪಡಿಸಲಿ.

ಅಡಿಕೆಯ ಸೀಮೆಯಿಂದ ಪುಣೆಗೆ ಬಂದ ಶಿರಸಿ, ತೀರ್ಥಹಳ್ಳಿ ಕಡೆಯವರು ಇಲ್ಲಿ ಒಂದು ಮಾತು ಕೇಳುವುದುಂಟು: ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಇರುವಾಗ ಇದೆಲ್ಲ ಏಕೆ? ಪ್ರಶ್ನೆ ನ್ಯಾಯವಾದದ್ದೇ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಲೆನಾಡಿನ ಕೊಳೆರೋಗಕ್ಕೆ ಅದನ್ನು ಬಳಕೆಗೆ ತಂದಾಗಿನಿಂದ ಆ ದ್ರಾವಣ ಅಡಿಕೆಯ ತೋಟವನ್ನು ಕಾಯುತ್ತಲೇ ಇದೆ, ಮತ್ತು ಮಳೆಯ ಹೊಡೆತಕ್ಕೆ ಮ್ಯಾಂಕೋಜೆಬ್‌ಗಿಂತ ಚೆನ್ನಾಗಿ ಅಂಟಿಕೊಂಡಿರುತ್ತದೆ. ಆದರೆ ಅಡಿಕೆಯ ಗೊನೆಯಲ್ಲ ಗುಲಾಬಿಯ ಚಿಗುರು. ತಂಪಾದ, ಎಲೆ ಬೇಗ ಒಣಗದ ಹವೆಯಲ್ಲಿ ಮೈಲುತುತ್ತಿನಲ್ಲಿರುವ ತಾಮ್ರವು ಗುಲಾಬಿಯ ಎಳೆ ಎಲೆಯನ್ನು ಸುಡುತ್ತದೆ. ಕೆಂಪು ಚುಕ್ಕೆಗಳು ಎದ್ದು ಎಲೆ ಉದುರುತ್ತದೆ, ನೋಡುವವರಿಗೆ ಅದೇ ರೋಗದಂತೆ ಕಾಣುತ್ತದೆ. ಕಡ್ಡಿ ಸವರಿದ ಮೇಲೆ, ಎಲೆ ಇಲ್ಲದಿರುವಾಗ ಬೋರ್ಡೋ ಒಳ್ಳೆಯದು. ಎಲೆ ತುಂಬಿದ ಜುಲೈಯಲ್ಲಿ ಸಾಫ್ ವಾಸಿ.

ದಸರೆ ಕಳೆದು ಛಾಟಣಿ (ಕಡ್ಡಿ ಸವರುವ ಕೆಲಸ) ಮುಗಿಯಿತೆಂದರೆ ಸಾಫ್‌ನ ಋತು ಮುಗಿದ ಹಾಗೆ. ಪುಣೆಯಲ್ಲಿ ಅಕ್ಟೋಬರ್‌ನಲ್ಲಿ ಸವರಿದ ಗಿಡ ಆರರಿಂದ ಎಂಟು ವಾರದಲ್ಲಿ ಹೂಬಿಡುತ್ತದೆ. ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್‌ನಲ್ಲಿ ನಡೆಯುವ ಪುಷ್ಪ ಪ್ರದರ್ಶನಕ್ಕೆ ಹೋಗಿ ಬಂದವರ ಉತ್ಸಾಹವೆಲ್ಲ ಅದರ ನಂತರ ಬರುವ ಎರಡನೆಯ ಹೂವಿನ ಸುತ್ತಿನ ಮೇಲೆ ಇರುತ್ತದೆ. ಅದೇ ಹೊತ್ತಿಗೆ ಬೂದಿರೋಗ ಬರುತ್ತದೆ, ಇಲ್ಲಿನವರು ಅದನ್ನು ಭುರಿ ಎನ್ನುತ್ತಾರೆ. ಎಳೆ ಎಲೆಗಳು ದೋಣಿಯಂತೆ ಮಡಚಿಕೊಳ್ಳುತ್ತವೆ, ಅವುಗಳ ಮೇಲೆ ಬಿಳಿ ಹಿಟ್ಟು ಕಾಣಿಸುತ್ತದೆ, ಮೊಗ್ಗಿನ ಕೊರಳು ಪೂರ್ತಿ ಬೆಳ್ಳಗಾಗಿ ಹೂವು ಅರೆಬಿರಿದು ನಿಲ್ಲುತ್ತದೆ. ಪೊಡೊಸ್ಫೀರಾ ಪನ್ನೋಸಾ ಎಂಬ ಈ ಶಿಲೀಂಧ್ರದ ನಡತೆ ಕಪ್ಪು ಚುಕ್ಕೆಯದಕ್ಕೆ ನೇರ ವಿರುದ್ಧ. ಇದಕ್ಕೆ ಎಲೆಯ ಮೇಲೆ ನೀರು ನಿಲ್ಲಬೇಕಾಗಿಲ್ಲ, ನೀರು ನಿಂತರೆ ಬೀಜಾಣು ಸೊರಗುತ್ತದೆ. ಬೇಕಾದದ್ದು ರಾತ್ರಿಯ ತಂಪು ಮತ್ತು ತೇವದ ಗಾಳಿ, ಹಗಲಿನ ಒಣ ಬಿಸಿಲು. ನವೆಂಬರ್‌ನಿಂದ ಫೆಬ್ರವರಿವರೆಗೆ ರಾತ್ರಿ ಹತ್ತು ಹನ್ನೆರಡು ಡಿಗ್ರಿಗೆ ಇಳಿದು ಹಗಲು ಮೂವತ್ತಕ್ಕೆ ಏರುವ ಪುಣೆಯ ಚಳಿಗಾಲ ಅದಕ್ಕೆ ಹೇಳಿ ಮಾಡಿಸಿದ್ದು.

ಬೂದಿರೋಗದ ಮೇಲೆ ಸಾಫ್ ಹೊಡೆದರೆ ಫಲ ಕಾಣುವುದು ಕಡಿಮೆ. ಮ್ಯಾಂಕೋಜೆಬ್ ಈ ಗುಂಪಿನ ಶಿಲೀಂಧ್ರಗಳ ಮೇಲೆ ದುರ್ಬಲ. ಕೆಲಸ ಮಾಡಬೇಕಾದದ್ದು ಶೇ. 12 ರಷ್ಟಿರುವ ಕಾರ್ಬೆಂಡಜಿಮ್ ಮಾತ್ರ, ಮತ್ತು ಆ ಜಾತಿಯ ಔಷಧಿಗಳಿಗೆ ಬೂದಿರೋಗದ ಶಿಲೀಂಧ್ರಗಳು ಒಗ್ಗಿಕೊಂಡಿರುವುದು ಜಗತ್ತಿನ ಹಲವು ಬೆಳೆಗಳಲ್ಲಿ ಕಂಡಿರುವ ಸಂಗತಿ. ಒಬ್ಬ ಅಂಗಡಿಯವರು ‘ಭುರಿಗೂ ಇದೇ ಚಲತಾ ಹೈ, ಪ್ರಮಾಣ ಜಾಸ್ತಿ ಮಾಡಿ’ ಎಂದು ಹೇಳಿದ್ದನ್ನು ಕೇಳಿದ್ದೇನೆ. ಪ್ರಮಾಣ ಹೆಚ್ಚಿಸಿದರೆ ಎಲೆಯ ಮೇಲೆ ಹಳದಿ ಲೇಪ ದಪ್ಪವಾಗುತ್ತದೆ, ಅದರಡಿಯಲ್ಲಿ ಬಿಳಿ ಹಿಟ್ಟು ಹಾಗೇ ಇರುತ್ತದೆ. ಚಳಿಗಾಲಕ್ಕೆ ಶೇ. 80 ರ ನೀರಿನಲ್ಲಿ ಕದಡುವ ಗಂಧಕವೇ ಸರಿ. ನಾಸಿಕ, ಸಾಂಗಲಿ, ವಿಜಯಪುರದ ದ್ರಾಕ್ಷಿ ಬೆಳೆಗಾರರ ಮನೆಯಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಲೀಟರಿಗೆ ಎರಡು ಗ್ರಾಂ, ವಾರಕ್ಕೊಮ್ಮೆ, ಬಿಸಿಲು ಏರುವ ಮೊದಲು. ಹವೆ 32 ಡಿಗ್ರಿ ದಾಟುವ ದಿನಗಳಲ್ಲಿ ಗಂಧಕ ಎಲೆಯನ್ನು ಸುಡುತ್ತದೆ. ಬೇವಿನೆಣ್ಣೆ ಹೊಡೆದು ಎರಡು ವಾರವಾದರೂ ಕಳೆಯದೆ ಗಂಧಕ ಹೊಡೆಯಬಾರದು. ಬೆಲೆಯಲ್ಲೂ ಅದು ಸಾಫ್‌ಗಿಂತ ಹೆಚ್ಚಿನದಲ್ಲ, ಮತ್ತು ಸಾವಯವ ಕೃಷಿಯಲ್ಲೂ ಒಪ್ಪಿತವಾದ ವಸ್ತು. ಗುಲಾಬಿ ಬೆಳೆಸುವ ಮನೆಯಲ್ಲಿ ಒಂದೇ ಪೊಟ್ಟಣಕ್ಕೆ ಜಾಗವಿದೆ ಎಂದಾದರೆ, ಮಳೆ ಬೀಳದ ಗಾಜಿನ ಮುಚ್ಚಿಗೆಯ ಬಾಲ್ಕನಿಯವರು ಸಾಫ್ ಬಿಟ್ಟು ಗಂಧಕವನ್ನೇ ಕೊಳ್ಳಲಿ. ಎಲೆ ನೆನೆಯದ ಕಡೆ ಕಪ್ಪು ಚುಕ್ಕೆಯ ಕಾಟ ಹೆಚ್ಚು ಇರುವುದೇ ಇಲ್ಲ.

ಕಡ್ಡಿ ತುದಿಯಿಂದ ಕಪ್ಪಾಗುತ್ತ ಕೆಳಗಿಳಿಯುವ ರೋಗದಲ್ಲಿ ಸಾಫ್‌ಗೆ ಅರ್ಧ ಅಂಕ ಕೊಡಬಹುದು. ಸವರಿದ ಗಾಯದಿಂದ ಒಳಹೊಕ್ಕು ಕಡ್ಡಿಯನ್ನು ಒಣಗಿಸುವ ಈ ರೋಗದಲ್ಲಿ ಕತ್ತರಿಯೇ ಮೊದಲ ಔಷಧಿ: ಕಪ್ಪು ಭಾಗದಿಂದ ಎರಡು ಇಂಚು ಕೆಳಗೆ, ಒಳಗಿನ ತಿರುಳು ಬೆಳ್ಳಗೆ ಕಾಣುವವರೆಗೆ, ಹೊರಮುಖದ ಕಣ್ಣಿನ (ಚಿಗುರೊಡೆಯುವ ಗೆಣ್ಣಿನ) ಮೇಲೆ ಓರೆಯಾಗಿ ಕತ್ತರಿಸಬೇಕು. ಆ ಗಾಯಕ್ಕೆ ಸಾಫ್ ಪುಡಿಯನ್ನು ನಾಲ್ಕು ಹನಿ ನೀರಿನಲ್ಲಿ ಕಲಸಿ ಹಚ್ಚಿದರೆ ಕೆಲಸವಾಗುತ್ತದೆ. ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಔಷಧಿ ಹಚ್ಚಿದರೆ ಇನ್ನೂ ಗಟ್ಟಿಯಾಗಿ ಅಂಟಿ ಹೆಚ್ಚು ದಿನ ಇರುತ್ತದೆ, ಇಲ್ಲಿ ಎಲೆ ಸುಡುವ ಭಯವೂ ಇಲ್ಲ. ಆದರೆ ನರ್ಸರಿಯಿಂದ ತಂದ ಗಿಡ ತಿಂಗಳೊಳಗೆ ತುದಿಯಿಂದ ಒಣಗುತ್ತ ಬಂದರೆ ತಪ್ಪು ಬಹಳ ಸಲ ಕಡ್ಡಿಯಲ್ಲಿರುವುದಿಲ್ಲ. ಸೋಲಾಪುರ ರಸ್ತೆಯ ಕಡೆಯಿಂದ ಬರುವ ಗಿಡಗಳು ಜಿಗುಟಾದ ಕೆಂಪು ಮಣ್ಣಿನ ಗಟ್ಟಿ ಉಂಡೆಯಲ್ಲಿರುತ್ತವೆ. ಅದನ್ನು ಹಾಗೆಯೇ ಹಗುರವಾದ ಕುಂಡದ ಮಣ್ಣಿನಲ್ಲಿ ಇಟ್ಟರೆ ನೀರು ಉಂಡೆಯ ಸುತ್ತ ಹರಿದುಹೋಗುತ್ತದೆ, ಒಳಗೆ ಬೇರು ಒಂದೋ ಒಣಗುತ್ತದೆ ಇಲ್ಲವೇ ಕೊಳೆಯುತ್ತದೆ. ಅಂಥ ಗಿಡದ ಬುಡಕ್ಕೆ ಎಷ್ಟು ಸಾಫ್ ನೀರು ಹೊಯ್ದರೂ ಫಲವಿಲ್ಲ.

ಬುಡಕ್ಕೆ ಹೊಯ್ಯುವ ಈ ಅಭ್ಯಾಸದ ಬಗ್ಗೆ ನನಗೆ ಬಲವಾದ ಆಕ್ಷೇಪವಿದೆ. ಕಾರ್ಬೆಂಡಜಿಮ್ ಎರೆಹುಳುಗಳಿಗೆ ವಿಷ. ಮಣ್ಣಿನ ಜೀವಿಗಳ ಮೇಲಿನ ಪರೀಕ್ಷೆಗಳಲ್ಲಿ ಎರೆಹುಳುವನ್ನು ಕೊಲ್ಲುವ ಮಾದರಿ ವಸ್ತುವಾಗಿಯೇ ಅದನ್ನು ಬಳಸುತ್ತಾರೆ. ಒಂದು ಕೈಯಲ್ಲಿ ಎರೆಗೊಬ್ಬರ ಹಾಕಿ ಇನ್ನೊಂದು ಕೈಯಲ್ಲಿ ಸಾಫ್ ನೀರು ಹೊಯ್ಯುವವರು ತಾವು ಕೊಂಡು ತಂದದ್ದನ್ನು ತಾವೇ ಕೊಲ್ಲುತ್ತಿದ್ದಾರೆ. ‘ಮುನ್ನೆಚ್ಚರಿಕೆಗೆ’ ಎಂದು ತಿಂಗಳಿಗೊಮ್ಮೆ ಹೊಯ್ಯುವ ಪದ್ಧತಿಯನ್ನು ಬಿಟ್ಟುಬಿಡಬೇಕು.

ಬೇಸಿಗೆಯ ಮಾತು ಇನ್ನೂ ಗಂಭೀರ. ಏಪ್ರಿಲ್, ಮೇ ತಿಂಗಳಲ್ಲಿ ಪುಣೆಯ ಬಿಸಿಲು 38, 40 ಡಿಗ್ರಿ ಮುಟ್ಟಿದಾಗ ಗುಲಾಬಿಯ ಎಲೆಗಳು ಧೂಳು ಹಿಡಿದಂತೆ ಮಂಕಾಗಿ, ಕಂಚಿನ ಬಣ್ಣಕ್ಕೆ ತಿರುಗಿ, ಉದುರತೊಡಗುತ್ತವೆ. ಬಿಳಿ ಹಾಳೆಯೊಂದನ್ನು ಎಲೆಯಡಿ ಹಿಡಿದು ತಟ್ಟಿದರೆ ಸೂಜಿಮೊನೆಯಷ್ಟು ಚುಕ್ಕೆಗಳು ಬಿದ್ದು ಹರಿದಾಡುತ್ತವೆ. ಇವು ಜೇಡ ನುಸಿಗಳು. ಶಿಲೀಂಧ್ರವಲ್ಲ, ಕೀಟವೂ ಅಲ್ಲ. ಇವುಗಳಿಗೆ ಸಾಫ್ ಏನನ್ನೂ ಮಾಡುವುದಿಲ್ಲ ಎಂದಷ್ಟೇ ಹೇಳಿದರೆ ಅದು ಅರ್ಧ ಸತ್ಯ. ಜೇಡ ನುಸಿಯನ್ನು ತಿಂದು ಬದುಕುವ ಇನ್ನೊಂದು ಜಾತಿಯ ಒಳ್ಳೆಯ ನುಸಿಗಳಿವೆ, ಅವುಗಳಿಗೆ ಮ್ಯಾಂಕೋಜೆಬ್ ಹಾನಿಕರ. ಅಂದರೆ ಎಲೆ ಉದುರುತ್ತಿದೆ ಎಂದು ಮೇ ತಿಂಗಳಲ್ಲಿ ಸಾಫ್ ಹೊಡೆದವರು ಶತ್ರುವನ್ನು ಉಳಿಸಿ ಮಿತ್ರನನ್ನು ತೆಗೆಯುತ್ತಾರೆ, ಮುಂದಿನ ವಾರ ನುಸಿ ಇಮ್ಮಡಿಯಾಗಿರುತ್ತದೆ. ಆ ಹೊತ್ತಿಗೆ ಬೇಕಾದದ್ದು ಎಲೆಯ ಅಡಿಗೆ ಜೋರಾಗಿ ನೀರು ಹಾರಿಸುವ ಪಿಚಕಾರಿ. ಎರಡು ದಿನಕ್ಕೊಮ್ಮೆ ಬೆಳಿಗ್ಗೆ ಹೊಡೆದರೆ ಬಲೆ ಹರಿದು ನುಸಿ ತೊಳೆದುಹೋಗುತ್ತದೆ. ಕೈಮೀರಿದರೆ ಮಾತ್ರ ನುಸಿನಾಶಕ. ಫೆಬ್ರವರಿ, ಮಾರ್ಚ್‌ನಲ್ಲಿ ದಳದ ಅಂಚು ಕಂದಿ ಮೊಗ್ಗು ವಕ್ರವಾಗುವುದು ಥ್ರಿಪ್ಸ್ ಎಂಬ ಸಣ್ಣ ಕೀಟದಿಂದ. ಅದಕ್ಕೂ ಈ ಪುಡಿ ಅಲ್ಲ. ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ರೋಗವೇ ಅಲ್ಲ. ಟ್ಯಾಂಕರ್ ಮತ್ತು ಬೋರ್‌ವೆಲ್ಲಿನ ಗಡಸು ನೀರು ವರ್ಷಗಟ್ಟಲೆ ಕುಡಿದ ಕುಂಡದ ಮಣ್ಣು ಕ್ಷಾರವಾಗಿ, ಕಬ್ಬಿಣದ ಅಂಶವಿದ್ದರೂ ಬೇರಿಗೆ ದಕ್ಕದಿರುವ ಸ್ಥಿತಿ ಅದು.

ಸುರಕ್ಷತೆಯ ವಿಷಯದಲ್ಲಿ ಪೇಟೆಯ ಮನೆಗಳವರು ಇದನ್ನು ಬಹಳ ಹಗುರವಾಗಿ ತೆಗೆದುಕೊಂಡಿದ್ದಾರೆ. ಯುರೋಪಿಯನ್ ಒಕ್ಕೂಟದಲ್ಲಿ ಕಾರ್ಬೆಂಡಜಿಮ್‌ನ ಅನುಮತಿ 2014 ರಲ್ಲಿ ಮುಗಿಯಿತು. ಮ್ಯಾಂಕೋಜೆಬ್‌ನ ಅನುಮತಿಯನ್ನು ನವೀಕರಿಸದಿರಲು 2020 ರಲ್ಲಿ ನಿರ್ಧಾರವಾಯಿತು. ಸಂತಾನಶಕ್ತಿಗೆ ಮತ್ತು ಗರ್ಭದಲ್ಲಿರುವ ಮಗುವಿಗೆ ಆಗಬಹುದಾದ ಹಾನಿ ಈ ಎರಡರ ಮೇಲೂ ಅಲ್ಲಿರುವ ದೊಡ್ಡ ಆಕ್ಷೇಪ. ನಮ್ಮ ಕೇಂದ್ರ ಸರ್ಕಾರವೂ 2020 ರ ಮೇ ತಿಂಗಳಲ್ಲಿ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿದಾಗ ಆ ಪಟ್ಟಿಯಲ್ಲಿ ಎರಡರ ಹೆಸರೂ ಇತ್ತು. ಆದರೂ ಇವು ಮಾರಾಟದಲ್ಲಿ ಉಳಿದಿವೆ. ಇದನ್ನು ಹೆದರಿಸಲು ಹೇಳುತ್ತಿಲ್ಲ, ಎರಡು ಗ್ರಾಂ ಪುಡಿಗೂ ಮರ್ಯಾದೆ ಕೊಡಬೇಕು ಎಂದು ಹೇಳುತ್ತಿದ್ದೇನೆ. ಕೈಗವಸು, ಮೂಗು ಬಾಯಿ ಮುಚ್ಚುವ ಮುಸುಕು, ಉದ್ದ ತೋಳಿನ ಅಂಗಿ ಬೇಕು. ಪುಡಿಯನ್ನು ತೂಗಿ ಕಲಸುವಾಗಲೇ ಅದು ಹೆಚ್ಚು ಹಾರುವುದರಿಂದ ಮುಸುಕು ಅಲ್ಲಿಂದಲೇ ಇರಬೇಕು. ಗರ್ಭಿಣಿಯರು ಈ ಕೆಲಸವನ್ನು ಮುಟ್ಟದಿರಲಿ. ಪಕ್ಕದ ಮನೆಯ ಬಟ್ಟೆ ಒಣಗುವ ತಂತಿ ಕೆಳಗಿದೆಯೇ ಎಂದು ನೋಡಿ ಹೊಡೆಯುವುದು ಕಾನೂನಲ್ಲದಿದ್ದರೂ ನೆರೆಹೊರೆಯ ಧರ್ಮ. ಸಿಂಪಡಿಸಿದ ಗಿಡದ ಹೂವನ್ನು ದೇವರಿಗೆ ಏರಿಸಬಹುದು, ಹೂದಾನಿಯಲ್ಲಿ ಇಡಬಹುದು. ಗುಲ್ಕಂದಕ್ಕೆ, ಶರಬತ್ತಿಗೆ, ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಯಾವುದಕ್ಕೂ ಅದು ಸಲ್ಲದು. ಗುಲ್ಕಂದಕ್ಕೆಂದೇ ಗಾವಠಿ (ನಾಟಿ) ಗುಲಾಬಿ ಇಟ್ಟುಕೊಂಡವರು ಆ ಕುಂಡವನ್ನು ದೂರ ಇಡಲಿ. ಆ ಗಿಡಕ್ಕೆ ಇದರ ಅಗತ್ಯವೂ ಅಷ್ಟಾಗಿ ಬೀಳುವುದಿಲ್ಲ.

ಕೊಳ್ಳುವಾಗ ಒಂದು ಎಚ್ಚರಿಕೆ. ಸಾಫ್ ಮಾರ್ಕೆಟ್ ಯಾರ್ಡ್ ಸುತ್ತಲಿನ ಕೃಷಿ ಸೇವಾ ಕೇಂದ್ರಗಳಲ್ಲಿ ಸುಲಭವಾಗಿ ಸಿಗುತ್ತದೆ, ದುಬಾರಿಯೇನಲ್ಲ. ಆದರೆ ಕೆಲವು ನರ್ಸರಿಗಳಲ್ಲಿ ದೊಡ್ಡ ಪೊಟ್ಟಣ ಒಡೆದು, ಚೀಟಿಯೇ ಇಲ್ಲದ ಪ್ಲಾಸ್ಟಿಕ್ ಚೀಲಗಳಲ್ಲಿ ಐವತ್ತು ಗ್ರಾಮಿನಂತೆ ಕಟ್ಟಿ ಮಾರುತ್ತಾರೆ. 1968 ರ ಕೀಟನಾಶಕ ಕಾಯ್ದೆಯ ಪ್ರಕಾರ ಇದಕ್ಕೆ ಪರವಾನಗಿ ಬೇಕು, ಮೂಲ ಚೀಟಿ ಇರಲೇಬೇಕು. ಕಾಯ್ದೆಯ ಮಾತು ಬದಿಗಿಟ್ಟರೂ, ಚೀಟಿಯಿಲ್ಲದ ಪುಡಿ ಯಾವಾಗ ತಯಾರಾದದ್ದು, ಅವಧಿ ಮುಗಿದಿದೆಯೇ, ತೇವ ತಾಕಿದೆಯೇ ಎಂದು ತಿಳಿಯುವ ದಾರಿಯೇ ಇಲ್ಲ, ಮತ್ತು ಮ್ಯಾಂಕೋಜೆಬ್ ತೇವ ತಾಕಿದರೆ ಕೆಡುವ ವಸ್ತು. ಇನ್ನು, ಅಡುಗೆಮನೆಯ ಕಪಾಟಿನಲ್ಲಿ ಹಳದಿ ಪುಡಿಯ ಚೀಲ ಇರುವುದು ಎಂಥ ಅಪಾಯ ಎಂದು ಬೇರೆ ಹೇಳಬೇಕಾಗಿಲ್ಲ. ಒಂದು ಮಳೆಗಾಲಕ್ಕೆ ಹದಿನೈದು ಕುಂಡಗಳಿಗೆ ನೂರು ಗ್ರಾಮಿನ ಪೊಟ್ಟಣ ಸಾಕು. ಅರ್ಧ ಕಿಲೋದ ಪೊಟ್ಟಣ ಲೆಕ್ಕದಲ್ಲಿ ಅಗ್ಗವಾದರೂ, ಒಮ್ಮೆ ಒಡೆದ ಮೇಲೆ ಮುಂದಿನ ಜೂನ್‌ವರೆಗೆ ಪುಣೆಯ ತೇವದಲ್ಲಿ ಅದರ ಕಸುವು ಉಳಿಯುತ್ತದೆಂಬ ಭರವಸೆ ನನಗಿಲ್ಲ.

ಹಾಗಾದರೆ ಯಾರು ಕೊಳ್ಳಬೇಕು? ಮಳೆಗೆ ನೇರವಾಗಿ ತೆರೆದ ತಾರಸಿ ಅಥವಾ ಅಂಗಳದಲ್ಲಿ ಹೈಬ್ರಿಡ್ ಟೀ ಗುಲಾಬಿ ಇಟ್ಟವರು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬಳಕೆಗೆ, ಧಾರಾಳವಾಗಿ ಕೊಳ್ಳಬಹುದು. ಒಂದೇ ಔಷಧಿಯನ್ನು ಇಡೀ ಋತು ಎಳೆಯದೆ, ನಡುವೆ ಒಂದೆರಡು ಸಲ ಹೆಕ್ಸಾಕೊನಜೋಲ್‌ನಂಥ ಬೇರೆ ಗುಂಪಿನ ಔಷಧಿಗೆ ಬದಲಾಯಿಸಿದರೆ ಇನ್ನೂ ಒಳ್ಳೆಯದು. ನೆರಳು ಜಾಸ್ತಿಯಿರುವ, ಗಾಳಿಯಾಡದ, ಕುಂಡಕ್ಕೆ ಕುಂಡ ತಾಗಿರುವ ಜಾಗದವರು ಮೊದಲು ಕುಂಡಗಳನ್ನು ದೂರ ದೂರ ಇಡಲಿ. ಹೊಸದಾಗಿ ಗುಲಾಬಿ ಬೆಳೆಸಲು ಹೊರಟವರು ಔಷಧಿಗಿಂತ ಮೊದಲು ಗಿಡವನ್ನೇ ನೋಡಿ ಆರಿಸಲಿ: 2000 ದ ಇಸವಿಯಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ‘ನಾಕ್ ಔಟ್’ ಜಾತಿಯಂಥ ಗಿಡಗಳು ಕಪ್ಪು ಚುಕ್ಕೆಯನ್ನು ತಡೆದುಕೊಳ್ಳುವ ಗುಣಕ್ಕೇ ಹೆಸರಾದವು, ಹೂವಿನ ಅಂದದಲ್ಲಿ ಪ್ರದರ್ಶನದ ಗುಲಾಬಿಗೆ ಸರಿಸಾಟಿಯಲ್ಲ ಎಂಬುದೊಂದನ್ನು ಒಪ್ಪಿಕೊಂಡರೆ. ಮನೆಯಲ್ಲಿ ಇರುವುದು ಒಂದೆರಡು ಕುಂಡ ಮಾತ್ರ ಎಂದಾದರೆ ಸಾಫ್ ಕೊಳ್ಳಲೇಬೇಡಿ; ಮಳೆ ಹಿಡಿದ ದಿನಗಳಲ್ಲಿ ಆ ಕುಂಡಗಳನ್ನು ಎತ್ತಿ ಸಜ್ಜೆಯ ಕೆಳಗಿಟ್ಟು, ಮಚ್ಚೆ ಬಿದ್ದ ಎಲೆಗಳನ್ನು ಕಂಡಕಂಡಂತೆ ಕಿತ್ತುಹಾಕಿದರೆ ಸಾಕಾಗುತ್ತದೆ.